ಸೀಟಿನ ಕೆಳಗಿನ ಎರಡನೆಯ ಪ್ಲಗ್ಗು

ನರೇಗಲ್ಲಿನ ಹತ್ತಿರದ ನಿಮ್ಮದೇ ಮನೆಯಿಂದ,
ಎರಡು ಸಾವಿರದ ನೂರ ತೊಂಬತ್ತೊಂದನೆಯ ಇಸವಿ, ಫೆಬ್ರುವರಿ ಮೂವತ್ತು.

ಶಿವಲೀಲಾ ಅಜ್ಜಿಯವರಿಗೆ ದಾನಮ್ಮ ಮಾಡುವ ನಮಸ್ಕಾರ. ತಾರೀಖು ನೋಡಿ ನಗಬೇಡಿ, ನಮ್ಮ ಹೊಸ ಕ್ಯಾಲೆಂಡರಿನಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಈ ಪತ್ರ ಕೈ ಸೇರುವಾಗ ನೀವಿನ್ನೂ ಹರೆಯದ ಹೆಂಗಸು, ನಾನು ಮೊಮ್ಮಗಳನ್ನು ಆಡಿಸುವ ಮುದುಕಿ. ಆದರೂ ಐದು ತಲೆಮಾರು ಆಚೆ ಹುಟ್ಟಿದ ನನಗೆ ನೀವು ಅಜ್ಜಿಯೇ, ಬೇಜಾರು ಮಾಡಿಕೊಳ್ಳಬೇಡಿ. ನಡುವೆ ನಿಮಗೆ ತಿಳಿಯದ ಮಾತು ಬಂದರೆ ಕ್ಷಮಿಸಿ, ಬಿಡಿಸಿ ಹೇಳುತ್ತೇನೆ.

ನಾವು ಓಡಾಡುವುದು ಬಿಸಿಲುಬಂಡಿಯಲ್ಲಿ. ಚಾವಣಿಯ ಮೇಲೆ ಬಿದ್ದ ಬಿಸಿಲನ್ನೇ ತಿಂದು ಸದ್ದಿಲ್ಲದೆ ಹೋಗುತ್ತದೆ. ಬೇಸಿಗೆಗೆ ಮುಂಚೆ ಮಬ್ಬುವಾರ ಬರುತ್ತದೆ, ಅಂದರೆ ಧೂಳೆದ್ದು ಸೂರ್ಯನೇ ಕಾಣದ ದಿನಗಳು. ಆಗ ಬಂಡಿಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ, ನಾವು ರೊಟ್ಟಿ ಬಡಿದುಕೊಂಡು, ಹರಟೆ ಹೊಡೆದುಕೊಂಡು ಮನೆಯಲ್ಲಿರುತ್ತೇವೆ. ನೀವು ಹಾಲಿನ ಕ್ಯಾನು ಕಟ್ಟಿಕೊಂಡು ಊರೂರು ತಿರುಗುವ ಮೋಟಾರ್ ಸೈಕಲ್ಲು ಇನ್ನೂ ನಮ್ಮ ಪಡಸಾಲೆಯಲ್ಲಿದೆ. ಟೈರು, ಚೈನು, ವೈರು ಎಲ್ಲ ಊರವರೇ ಹೊಸದಾಗಿ ಮಾಡಿದ್ದು. ಅದು ಕುಡಿಯುವುದು ಜೋಳದ ದಂಟಿನಿಂದ ಇಳಿಸಿದ ಇಂಧನ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗೊಂದನ್ನು ಮಾತ್ರ ಯಾರಿಗೂ ಮಾಡಲು ಬರಲಿಲ್ಲ, ಹಾಗಾಗಿ ಅದು ದೇವರಾಯಿತು. ಆಯುಧಪೂಜೆಯ ದಿನ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿ, ಪ್ಲಗ್ಗು ಬಿಚ್ಚಿ, ಜಗುಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಆರತಿ ಎತ್ತಿ ಮತ್ತೆ ಕೂರಿಸುವುದು ಮನೆಯ ಪದ್ಧತಿ. ಹೋದ ಸಲ ನಮ್ಮ ಯಜಮಾನರು, ಈ ಮನೆಗೆ ಮನೆಯಳಿಯನಾಗಿ ಬಂದ ಕೊಟ್ರಪ್ಪನವರು, ಭಕ್ತಿ ಉಕ್ಕಿ ಅದರ ತುದಿಗೂ ತುಪ್ಪದಲ್ಲಿ ಕಲಸಿದ ಕುಂಕುಮ ಮೆತ್ತಿದರು.

ಮೊನ್ನೆ ಮಬ್ಬುವಾರದ ಮಧ್ಯಾಹ್ನ, ಕಟ್ಟಿಗೆ ರಾಶಿಯ ಹತ್ತಿರ ಆಡುತ್ತಿದ್ದ ಮೊಮ್ಮಗಳು ನೀಲವ್ವನಿಗೆ ಹಾವು ಕಚ್ಚಿತು. ಅದರ ಔಷಧಿ ಇರುವುದು ರೋಣದ ದವಾಖಾನೆಯಲ್ಲಿ. ಯಜಮಾನರು ಮೋಟಾರ್ ಸೈಕಲ್ಲು ಹೊರಗೆ ತಂದು ಒದ್ದರು, ಒದ್ದರು, ಅದು ಕೆಮ್ಮಲೂ ಇಲ್ಲ. ಬಿಚ್ಚಿ ನೋಡಿದರೆ ಪ್ಲಗ್ಗಿನ ತುದಿಗೆ ಕುಂಕುಮ ಗಟ್ಟಿಯಾಗಿ ಕೂತಿದೆ. ಗಾಬರಿಯಲ್ಲಿ ಕಲ್ಲಿಗೆ ಕುಟ್ಟಿ ಉದುರಿಸಲು ಹೋಗಿ ಬಿಳಿ ಪಿಂಗಾಣಿಯನ್ನೇ ಒಡೆದರು. ನಿಮ್ಮ ಭಕ್ತಿಗಿಷ್ಟು ಬೆಂಕಿ ಹಾಕ ಎಂದು ಬೈದೆ. ಮಗಳು ಗೌರಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಅವ್ವಾ ಏನಾದರೂ ಮಾಡು, ಏನಾದರೂ ಮಾಡು ಎನ್ನುತ್ತಿದ್ದಳು.

ಸೀಟಿನ ಕೆಳಗೆ ನಿಮ್ಮ ಚರ್ಮದ ಚೀಲವಿದೆ. ಅಜ್ಜಿಯ ಚೀಲ, ಬಿಚ್ಚಬಾರದು ಎಂದು ಅದಕ್ಕೂ ಹೂ ಏರಿಸಿ ಸುಮ್ಮನಿರುತ್ತಿದ್ದೆವು. ಅವತ್ತು ಅದರ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದೆ. ಒಳಗೆ ಒಂದು ಪಾನಾ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಹೊಸ ಪ್ಲಗ್ಗು! ಯಜಮಾನರು ಪಾನಾ ಹಾಕಿಯೇ ತಿರುಗಿಸಲು ಹೋದರು, ಕೈ ಮೇಲೆ ಒಂದು ಕೊಟ್ಟೆ. ಉಪ್ಪಿನಕಾಯಿ ಡಬ್ಬಿಯ ತಿರುಪಿನ ಮುಚ್ಚಳವನ್ನು ಮೊದಲು ಬರಿ ಬೆರಳಲ್ಲಿ ಹತ್ತಿಸಬೇಕು, ಬಿಗಿ ಬಂದರೆ ಹಿಂದಕ್ಕೆ ಬಿಚ್ಚಿ ಮತ್ತೆ ಹಿಡಿಸಬೇಕು, ಕೊನೆಗಷ್ಟೇ ಜೋರು ಹಾಕಬೇಕು ಎಂದು ನಮ್ಮ ಮನೆಯ ಅವ್ವಂದಿರು ಹೆಣ್ಣುಮಕ್ಕಳಿಗೆ ಕಲಿಸುತ್ತಾರೆ. ಶಿವಲೀಲಾ ಅಜ್ಜಿ ಹೇಳಿಕೊಟ್ಟದ್ದು ಅಂತಲೇ ಕಲಿಸುತ್ತಾರೆ. ನೀವು ಅದನ್ನು ಕಲಿತದ್ದು ಈ ಪ್ಲಗ್ಗು ಕೂರಿಸುತ್ತಲೇ ಎಂದು ಆಗ ತಿಳಿಯಿತು. ನಾನೂ ಹಾಗೇ ಮಾಡಿದೆ. ಮೊದಲ ಸಲ ಓರೆಯಾಗಿ ಹಿಡಿಯಿತು, ಬಿಚ್ಚಿದೆ. ಮತ್ತೆ ಹಿಡಿಸಿದಾಗ ತಾನೇ ಸಲೀಸಾಗಿ ಇಳಿಯಿತು. ಬೆರಳಿಗೆ ತಿರುಗದಷ್ಟು ಕೂತ ಮೇಲೆ ಪಾನಾದಿಂದ ಸ್ವಲ್ಪವೇ ಬಿಗಿಮಾಡಿ, ಅದರ ತಲೆಗೆ ವೈರಿನ ಟೋಪಿ ಒತ್ತಿದೆ. ಯಜಮಾನರು ಒದ್ದರು. ಗಾಡಿ ಶುರುವಾಯಿತು.

ಗೌರಮ್ಮ ಮಗುವನ್ನು ಎತ್ತಿಕೊಂಡು ಹಿಂದೆ ಕೂತಳು, ಮೂವರೂ ಧೂಳಿನಲ್ಲಿ ಮರೆಯಾದರು. ಮಾರನೆಯ ದಿನ ಸಂಜೆ ದೂರದಿಂದ ಅದೇ ಡುಗುಡುಗು ಕೇಳಿಸಿತು. ನೀಲವ್ವ ಟ್ಯಾಂಕಿನ ಮೇಲೆ ಕೂತು ಹಸಿವು ಅಂತ ರಂಪ ಮಾಡುತ್ತಿದ್ದಳು. ನಾನು ಹೊಸ್ತಿಲಲ್ಲೇ ಕೂತು ಮನಸಾರೆ ಅತ್ತೆ. ಈಗ ಎದೆ ಹಗುರಾಗಿದೆ. ಇನ್ನು ಮೇಲೆ ಪ್ಲಗ್ಗಿಗೆ ದೂರದಿಂದಲೇ ಆರತಿ ಎಂದು ಯಜಮಾನರಿಗೆ ಹೇಳಿದ್ದೇನೆ, ತಲೆ ಆಡಿಸಿದ್ದಾರೆ.

ಒಂದು ವಿನಂತಿಗಾಗಿ ಇಷ್ಟು ಬರೆದೆ, ಅಜ್ಜಿ. ಪ್ಲಗ್ಗು ಬದಲಿಸಲು ನೀವು ಅಂಗಡಿಗೆ ಹೋಗುವ ದಿನ ಬರುತ್ತದೆ. ಗಾಡಿಗೆ ಬೇಕಾಗುವುದು ಒಂದೇ ಅಲ್ಲವೇನ್ರೀ, ಇನ್ನೊಂದು ಯಾಕೆ ಎಂದು ಅಂಗಡಿಯವನು ಕೇಳಿಯಾನು. ನಿಮಗೂ ಹೌದಲ್ಲ ಅನ್ನಿಸೀತು. ನೀಲವ್ವ ಇಲ್ಲೇ ನನ್ನ ಪಕ್ಕದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಾಳೆ. ದಯವಿಟ್ಟು ಎರಡು ತಗೊಳ್ಳಿ.

ನಿಮ್ಮ,
ದಾನಮ್ಮ