ಗೋಡೆ ಎದ್ದ ಮೇಲೆ ಕೇಳಿಸಿದ್ದು

ಭಾನುವಾರ, ಮಾರ್ಚ್ ೧೨

ನನ್ನ ಪುಟ್ಟಿಗೆ,

ಹೇಗಿದ್ದೀಯ ಮಗಳೇ? ಅಳಿಯಂದಿರ ಬೆನ್ನುನೋವು ಇಳಿಯಿತೇ? ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಾನು ಕಿರುಚುತ್ತೇನೆ. ಮಿಲ್ಲಿನಲ್ಲಿ ಪಳಗಿದ ಗಂಟಲು, ನಮ್ಮ ಸಂಸಾರವೆಲ್ಲ ಬೀದಿಗೆ ಗೊತ್ತಾಗುತ್ತದೆ. ಏನು ಬರೆಯಬೇಕೆಂದೂ ತಿಳಿದಿರಲಿಲ್ಲ ಅನ್ನು. ನಿಮ್ಮಪ್ಪ ಹೋದಮೇಲೆ ದಿನಚರಿಯಲ್ಲಿ ಕೂಡ ಬಿಸಿಲು, ಮೋಡ ಎಂದಷ್ಟೇ ಬರೆದು ಮುಚ್ಚಿಡುತ್ತಿದ್ದೆ.

ನನಗಾಗಿ ಕೋಣೆಗೆ ಸುಣ್ಣ ಹೊಡೆಸಿ, ಕಿಟಕಿಯ ಪಕ್ಕ ಮಂಚ ಹಾಕಿಸಿದ್ದೀಯಂತೆ. ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಬಂದುಬಿಡುತ್ತೇನೆ ಎಂದು ಮಾತು ಕೊಟ್ಟವಳು ನಾನೇ. ಈಗ ಮಾತಿಗೆ ತಪ್ಪುವವಳೂ ನಾನೇ. ಪೂರ್ತಿ ಓದು, ಆಮೇಲೆ ಬೈಯಿ.

ನಮ್ಮ ರಫು ವಿಭಾಗದ ಕೆಲಸ ನಿನಗೆ ಗೊತ್ತೇ ಇದೆ. ಮಗ್ಗದಿಂದ ಇಳಿದ ಬಟ್ಟೆಯನ್ನು ಓರೆ ಮೇಜಿನ ಮೇಲೆ ಬಿಗಿದು, ತಪ್ಪಿದ ಎಳೆಯನ್ನು ಬೆರಳಲ್ಲಿ ತಡವಿ ಹುಡುಕಿ, ಸೂಜಿಯಲ್ಲಿ ಕೂಡಿಸುವುದು. ವಯಸ್ಸಾದಷ್ಟೂ ಕೈ ಪಳಗುವ ಕೆಲಸ. ಆದರೂ ಅಲ್ಲಿ ಯಾರೂ ಮುದುಕಿಯರಾಗಲಿಲ್ಲ, ಅದಕ್ಕೆ ಮೊದಲೇ ಬಿಟ್ಟು ಹೋದರು. ನಮ್ಮ ಮೇಜಿಗೂ ಮಗ್ಗಗಳಿಗೂ ನಡುವೆ ಇದ್ದದ್ದು ಒಂದು ತಗಡಿನ ಮರೆ. ಗದ್ದಲ ಕಿವಿಯಲ್ಲಿ ನಿಲ್ಲುತ್ತಿರಲಿಲ್ಲ, ಹಲ್ಲಿನ ಬೇರಿಗೆ ಇಳಿಯುತ್ತಿತ್ತು. ಹಾಗಾಗಿಯೇ ನಾವೆಲ್ಲ ತುಟಿ ಆಡಿಸಿ, ಕೈ ತೋರಿಸಿ ಮಾತಾಡುವುದನ್ನು ಕಲಿತದ್ದು.

ಹೊಸದಾಗಿ ಬಂದ ಮ್ಯಾನೇಜರಮ್ಮ, ಪಳಗಿದವರೆಲ್ಲ ಅವಧಿಗೆ ಮೊದಲೇ ಯಾಕೆ ಬಿಡುತ್ತೀರಿ ಎಂದು ಒಬ್ಬೊಬ್ಬರನ್ನೂ ಕರೆದು ಕೇಳಿದರು. ಮಂಡಿನೋವು, ಮೊಮ್ಮಕ್ಕಳು ಎಂದು ನಾವು ಬಾಯಿಗೆ ಬಂದದ್ದು ಹೇಳಿದೆವು. ನನ್ನ ಪಕ್ಕದ ಮೇಜಿನ ಗುಂಡಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದಳು. "ಕಣ್ಣಿದೆ, ಕೈಯಿದೆ. ತಲೆಯೊಳಗೇ ಜಾಗ ಇಲ್ಲ ಅಮ್ಮ, ಎಲ್ಲಾ ಮಗ್ಗ ತುಂಬ್ಕೊಂಡಿದೆ. ವಯಸ್ಸಾಯ್ತು ಅಂತ ಯಾರು ಬಿಡ್ತಾರೆ?"

ಮ್ಯಾನೇಜರಮ್ಮ ಮರುದಿನ ಬಂದು ನಮ್ಮ ಜೊತೆ ಸಂಜೆಯವರೆಗೂ ನಿಂತರು. ಹೋಗುವಾಗ ಹಣೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ರಜೆಯಲ್ಲಿ ಗಾರೆಯವರು ಬಂದು ದಪ್ಪ ಗೋಡೆ ಎಬ್ಬಿಸಿದರು, ಎರಡು ಪದರದ ಬಾಗಿಲು ಕೂಡಿಸಿದರು. ಇಷ್ಟು ದಿನ ನಿಂತೇ ಮಾಡುತ್ತಿದ್ದ ಕೆಲಸಕ್ಕೆ ಎತ್ತರದ ಸ್ಟೂಲುಗಳೂ ಬಂದವು.

ರಜೆ ಮುಗಿಸಿ ಒಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಮಗ್ಗ ಕೆಟ್ಟಿರಬೇಕು ಎಂದುಕೊಂಡೆ. ಗೋಡೆಗೆ ಅಂಗೈ ಇಟ್ಟು ನೋಡಿದರೆ ಆಚೆ ಎಲ್ಲವೂ ಓಡುತ್ತಿದೆ, ನಡುಕ ಕೈಗೆ ತಿಳಿಯುತ್ತದೆ. ಈಚೆ ಏನೂ ಇಲ್ಲ. ಕೂತು ಬಟ್ಟೆ ಬಿಗಿದೆ. ಬಿಗಿದ ಬಟ್ಟೆಯೊಳಗೆ ಸೂಜಿ ಇಳಿಯುವಾಗ ಸಣ್ಣಗೆ ಟಪ್ ಅನ್ನುತ್ತದೆ ಪುಟ್ಟಿ. ಹಿಂದೆಯೇ ದಾರ ಸರಿಯುವ ಸದ್ದು, ಯಾರೋ ಒಣಹುಲ್ಲಿನ ಮೇಲೆ ಮೆಲ್ಲಗೆ ನಡೆದ ಹಾಗೆ. ಜನ್ಮವೆಲ್ಲ ಮಾಡಿದ ಕೆಲಸಕ್ಕೆ ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆಗ ನಮ್ಮ ವಿಭಾಗದ ಮೇಸ್ತ್ರಿ ಒಳಗೆ ಬಂದ. ಅವನು ಆಫೀಸಿನ ಕಡೆಯಿಂದ ಬಂದವನು, ತುಟಿ ಓದಲು ಬಾರದು. ಗುಂಡಕ್ಕ ದಿನವೂ ಹೇಳುವಂತೆ, ತಲೆಬಾಗಿ, ನಗುನಗುತ್ತ, ಗಟ್ಟಿಯಾಗಿ ಹೇಳಿಯೇಬಿಟ್ಟಳು. "ಬಂತು ನೋಡ್ರೇ, ಹರಳೆಣ್ಣೆ ಕುಡಿದ ಮುಖ."

ಕೋಣೆಯೆಲ್ಲ ಕೇಳಿಸಿತು. ಅವನು ಅಲ್ಲೇ ನಿಂತ. "ಇಷ್ಟು ದಿನ ನಮಸ್ಕಾರ ಹೇಳ್ತಿದ್ದೀರ ಅಂದ್ಕೊಂಡಿದ್ದೆ ಅಕ್ಕ," ಎಂದ.

ಗುಂಡಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೊದಲು ನಕ್ಕವನು ಅವನೇ. ಆಮೇಲೆ ಎಲ್ಲರೂ. ಇಷ್ಟು ಕಾಲ ಅಲ್ಲಿ ನಗು ಅಂದರೆ ಹಲ್ಲು ಕಾಣುವುದು, ಭುಜ ಕುಲುಕುವುದು ಅಷ್ಟೇ. ಆ ದಿನ ಒಂದೊಂದು ನಗುವೂ ಬೇರೆಬೇರೆಯಾಗಿ ಕೇಳಿಸಿತು. ನಾನು ಸೂಜಿ ಕೆಳಗಿಟ್ಟು ಕೇಳುತ್ತ ಕೂತೆ.

ಇನ್ನೊಂದು ಹೇಳಬೇಕು. ಮಧ್ಯಾಹ್ನದ ಮೇಲೆ ಎಲ್ಲಿಂದಲೋ ತೆಳ್ಳಗೆ ಒಂದು ರಾಗ ಬರುತ್ತಿತ್ತು. ಹುಡುಕಿದರೆ ಗುಂಡಕ್ಕ. ತುಟಿ ಅಲ್ಲಾಡದೆ ಗುನುಗುತ್ತಿದ್ದಾಳೆ. ಎಷ್ಟು ಇಂಪು ಎಂದು ನಾನು ಹೇಗೆ ಬರೆಯಲಿ? ಯಾವಾಗಿನಿಂದ ಇದು ಎಂದು ಕೇಳಿದೆ.

"ಸೇರಿದ ದಿನದಿಂದ," ಅಂದಳು. "ಅಷ್ಟು ಗದ್ದಲದೊಳಗೆ ನಂದೂ ಒಂದಿರಲಿ ಅಂತ."

ಮೇಜಿಗೆ ಮೇಜು ತಾಗಿಸಿಕೊಂಡು ಇಷ್ಟು ವರ್ಷ ನಿಂತಿದ್ದೇನೆ ಪುಟ್ಟಿ, ಒಂದು ದಿನವೂ ಕೇಳಿಸಿರಲಿಲ್ಲ. ಅವಳೂ ಈ ತಿಂಗಳು ಬಿಡುವವಳಿದ್ದಳು. ಮರುದಿನವೇ ಹೋಗಿ, ಬಿಡುವುದಿಲ್ಲ ಎಂದು ಹೇಳಿ ಬಂದಳು. ಮೊನ್ನೆ ನಾನೂ ಹೇಳಿ ಬಂದೆ. ನಿನ್ನ ಕೋಣೆ ಬೇಡ ಎಂದಲ್ಲ ಮಗಳೇ. ರಜೆಗೆ ಬಂದು ಕಿಟಕಿಯ ಪಕ್ಕದ ಆ ಮಂಚದಲ್ಲೇ ಮಲಗುತ್ತೇನೆ. ಆದರೆ ಕೆಲಸದ ಬಾಳಿನಲ್ಲಿ ಮೊದಲ ಸಲ ಬೆಳಿಗ್ಗೆ ಎದ್ದಾಗ ಮಿಲ್ಲಿಗೆ ಹೋಗಬೇಕು ಅನ್ನಿಸುತ್ತಿದೆ. ಈಗಲೇ ಬಿಡಲು ಮನಸ್ಸು ಬರುತ್ತಿಲ್ಲ.

ನಿಮ್ಮಿಬ್ಬರ ಬಾಳು ತಣ್ಣಗಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ಭಾರ ಎತ್ತಲು ಬಿಡಬೇಡ.

ನಿನ್ನ
ಅಮ್ಮ

ಮರೆತಿದ್ದು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಎಲ್ಲರ ಧ್ವನಿಯೂ ಕಿವಿಗೆ ಬೀಳತೊಡಗಿದ ಮೇಲೆ, ನಿನ್ನೆ ನಿಮ್ಮಪ್ಪನ ಧ್ವನಿ ನೆನೆಸಿಕೊಳ್ಳಲು ಕೂತೆ. ತುಟಿ ಕಣ್ಣಮುಂದೆ ಬಂತು. ಉಂಡೆಯಾ ಎಂದು ಕೇಳುವ ಕೈ ಬಂತು. ಧ್ವನಿ ಬರಲಿಲ್ಲ. ಮಗ್ಗದ ಮುಂದೆ ನಿಂತು ಅವರ ಕಿವಿ ಹೋಗಿತ್ತು, ನನಗೆ ಮಿಲ್ಲಿನ ಅಭ್ಯಾಸ, ಮನೆಯಲ್ಲೂ ನಾವಿಬ್ಬರೂ ಕೈಯಲ್ಲೇ ಮಾತು ಮುಗಿಸುತ್ತಿದ್ದೆವು. ನಿನಗೆ ತುಟಿ ಓದಲು ಬರುತ್ತಿರಲಿಲ್ಲ, ಅದಕ್ಕೆ ನಿನ್ನ ಹತ್ತಿರ ಮಾತ್ರ ಬಾಯಿಬಿಟ್ಟು ಮಾತಾಡುತ್ತಿದ್ದರು. ಗಡಸಾಗಿತ್ತೇ ಪುಟ್ಟಿ, ಮೆತ್ತಗಿತ್ತೇ? ನಿನ್ನನ್ನು ಹೇಗೆ ಕರೆಯುತ್ತಿದ್ದರು, ಬರೆ.