ಬಿಸಿಲಿಗೆ ನಿಲ್ಲುವ ಕಾರು

ಜಯನಗರ, ಬೆಂಗಳೂರು
28 ಏಪ್ರಿಲ್ 2024

ಪ್ರೀತಿಯ ಸೇತು ಅಣ್ಣಾ,

ಕಣ್ಣಿನ ಆಪರೇಷನ್ ಆದಮೇಲೆ ಹೇಗಿದ್ದೀಯ? ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೆ? ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಕೂಗಿ ಹೇಳಿದರೆ ಪಕ್ಕದ ಕೋಣೆಯಲ್ಲಿರುವ ಇವರಿಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಅತ್ತಿಗೆಯ ಕೈಲಿ ಓದಿಸಿಕೋ.

ದಯವಿಟ್ಟು ನಿನ್ನ ಹಳೇ ಬೀಟಲ್ ಕಾರನ್ನು ಮೈಸೂರಿಗೆ ವಾಪಸ್ ತರಿಸಿಕೋ. ಕಣ್ಣು ಮಂಜಾಯಿತೆಂದು ನೀನು ಅದನ್ನು ಇವರಿಗೆ ಕೊಟ್ಟಾಗಿನಿಂದ ನನ್ನ ತಲೆ ಕೆಟ್ಟುಹೋಗಿದೆ. ಅದಕ್ಕೆ ನೀರು ಹಾಕುವಂತಿಲ್ಲ, ಓಡುತ್ತಾ ಗಾಳಿಯಲ್ಲೇ ತಣ್ಣಗಾಗಬೇಕು. ಈ ಊರಿನಲ್ಲಿ ಓಡುವುದೆಲ್ಲಿ ಬಂತು? ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಇಂಜಿನ್ ಆಫ್. ಆಗ ಇವರು ಇಳಿದು, ಹಿಂದಿರುವ ಇಂಜಿನ್ನಿನ ಮುಚ್ಚಳ ಎತ್ತಿ, ನನ್ನ ಲಟ್ಟಣಿಗೆ ಕೊಟ್ಟು ನಿಲ್ಲಿಸಿ, ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಾರೆ. ಯಾವ ಬಟ್ಟೆ ಅಂದುಕೊಂಡೆ? ನೀನು ಗೌರಿಹಬ್ಬಕ್ಕೆ ಕೊಟ್ಟ ಹತ್ತಿ ಸೀರೆಯ ತುಂಡು. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳೂ ಪೈಪಿನ ಪಾಲಾಗಿವೆ, ಶಾಖ ಎಳೆದುಕೊಳ್ಳುತ್ತವಂತೆ. ನಮ್ಮ ಟವೆಲ್ಲುಗಳು ಹಾರಿಹೋಗಿ ಪಕ್ಕದ ಮನೆ ಕಲ್ಯಾಣಿಯವರ ತಾರಸಿಯಲ್ಲಿರುತ್ತವೆ. ರೇಡಿಯೇಟರಿಗೆ ನೀರು ಹಾಕಿ ಅಂಕಲ್ ಎಂದು ಆಟೋದವನೊಬ್ಬ ಹೇಳಿದರಂತೂ ಮುಗಿಯಿತು, ಇಂಥ ಕಾರಿಗೆ ರೇಡಿಯೇಟರೇ ಇರುವುದಿಲ್ಲವೆಂದು ನಡುರಸ್ತೆಯಲ್ಲಿ ಪಾಠ ಶುರು.

ಕಾರು ತಣ್ಣಗಾಗುವಷ್ಟರಲ್ಲಿ ಇವರ ಮುಖ ಕೆಂಡದ ಹಾಗಾಗಿರುತ್ತದೆ. ನನ್ನ ಭಯ ಅದೇ ಅಣ್ಣಾ. ಬಿ.ಪಿ. ಇದೆ, ಮಧ್ಯಾಹ್ನದ ಬಿಸಿಲಿಗೆ ಹೋಗಲೇಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಬಾಯಿ ತೆರೆದರೆ, "ಭಾವನೋರು ನನ್ನ ನಂಬಿ ಕೊಟ್ಟಿದಾರೆ ಕಣೆ, ನಿಲ್ಲಿಸಿಟ್ರೆ ಕೆಟ್ಹೋಗತ್ತೆ" ಅನ್ನುತ್ತಾರೆ. ಕೆಡುವುದು ಕಾರೊಂದೇ ಅಂತ ತಿಳಿದುಕೊಂಡಿದ್ದಾರೆ. ನನ್ನ ಕೆಲಸ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ಕೂರುವುದು. ಅಪ್ಪನಿಗೆ ಗೊತ್ತಾಗದ ಹಾಗೆ ಕಾಲೇಜು ಮೈದಾನದಲ್ಲಿ ಇದೇ ಕಾರಿನಲ್ಲಿ ನೀನು ನನಗೆ ಡ್ರೈವಿಂಗ್ ಕಲಿಸಿದ್ದೆಯಲ್ಲ, ಕ್ಲಚ್ ಬಿಡು ಅಂದರೆ ಅಳುತ್ತಿದ್ದೆನಲ್ಲ? ಅದನ್ನು ಇವರಿಗೆ ಹೇಳಿಯೇ ಇಲ್ಲ. ಒಮ್ಮೆ, ನಾನು ಓಡಿಸಲಾ ಅಂದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಿನ್ನ ಮಾತೊಂದನ್ನು ಬಿಟ್ಟರೆ ಇವರು ಯಾರ ಮಾತೂ ಕೇಳುವುದಿಲ್ಲ. ಕಾರು ಕಳಿಸಿ ಅಂತ ಒಂದು ಸಾಲು ಬರೆದುಬಿಡು, ಪುಣ್ಯ ಬರುತ್ತದೆ. ಅತ್ತಿಗೆಗೂ ನಿನಗೂ ನಮಸ್ಕಾರ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುವುದನ್ನು ಮರೆಯಬೇಡ.

ನಿನ್ನ ತಂಗಿ,
ವಿಮಲಾ

ವಿ.ಸೂ.: ಕಾಗದ ಪೋಸ್ಟಿಗೆ ಹಾಕಲೆಂದು ಇವರ ಜೊತೆ ಹೊರಟಿದ್ದೆ. ಬನಶಂಕರಿ ದೇವಸ್ಥಾನದ ಹತ್ತಿರ ಕಾರು ನಿಂತಿತು. ಮುಚ್ಚಳ ಎತ್ತಲು ಹೋದವರು ಅಲ್ಲೇ ಕುಸಿದು ಕೂತರು. ಸೀರೆಯ ತುಂಡನ್ನು ಎರಡಾಗಿ ಹರಿದು ಒದ್ದೆ ಮಾಡಿ, ಒಂದನ್ನು ಇವರ ನೆತ್ತಿಗೆ, ಒಂದನ್ನು ಪಂಪಿಗೆ ಹಾಕಿದೆ. ಹೂ ಮಾರುವವರು ಇವರನ್ನು ಎತ್ತಿ ಕೂರಿಸಿದರು. ಕ್ಲಿನಿಕ್ಕಿನ ತನಕ ನಾನೇ ಓಡಿಸಿದೆ. ಎರಡು ಸಲ ಆಫ್ ಆಯಿತು, ಈ ಸಲ ಅಳಲಿಲ್ಲ. ಬಿಸಿಲಿನ ಆಯಾಸ, ಗಾಬರಿ ಬೇಡ ಎಂದು ಡಾಕ್ಟರು ಡ್ರಿಪ್ ಹಾಕಿ ಕಳಿಸಿದ್ದಾರೆ. ಈಗ ಮಲಗಿಕೊಂಡೇ, "ಯಾವಾಗ ಕಲಿತೆ ನೀನು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಪುರುಸೊತ್ತಿಲ್ಲ. ಕಾರನ್ನು ತರಿಸಿಕೊಳ್ಳಬೇಡ. ನಾಳೆ ಡ್ರೈವಿಂಗ್ ಲೈಸೆನ್ಸಿಗೆ ಮೊದಲು ಬೇಕಾದ ಎಲ್.ಎಲ್. ಮಾಡಿಸಲು ಹೋಗುತ್ತೇನೆ. ಕೀ ಈಗಾಗಲೇ ನನ್ನ ಸೆರಗಿನಲ್ಲಿದೆ, ಅದು ಅಲ್ಲೇ ಇರಲಿ ಅಂತ ಇವರಿಗೆ ಒಂದು ಸಾಲು ಬರೆ.