ಎರಡನೇ ಸ್ಥಾನ

೬ ಡಿಸೆಂಬರ್ ೨೦೦೯, ಭಾನುವಾರ

ದೇಶದ ಕಾಲೇಜು ತಂಡಗಳನ್ನು ಅಳೆಯುವ ಕಂಪ್ಯೂಟರಿನ ಲೆಕ್ಕ ಇವತ್ತು ನಮ್ಮೂರ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಎರಡನೇ ಸ್ಥಾನ ಕೊಟ್ಟಿದೆ. ಮೊದಲೆರಡು ತಂಡಗಳಷ್ಟೇ ಆಡುವ ಜನವರಿಯ ಚಾಂಪಿಯನ್ ಪಂದ್ಯದಲ್ಲಿ ನಾವಿದ್ದೇವೆ. ಊರೆಲ್ಲ ಕಾರುಗಳ ಹಾರ್ನ್. ನನಗೆ ಮಾತ್ರ ಆ ಲೆಕ್ಕದಲ್ಲೊಂದು ತಪ್ಪು ಕಂಡಿದೆ.

ಸೂತ್ರದಲ್ಲಿ ತಪ್ಪಿಲ್ಲ, ಅದಕ್ಕೆ ತುಂಬಿದ ಫಲಿತಾಂಶದಲ್ಲಿದೆ. ಸೆಪ್ಟೆಂಬರಿನಲ್ಲಿ ನಾವು ಸೋಲಿಸಿದ ಹಾರ್ಲನ್ ಕಾಲೇಜು ಆಮೇಲೆ ಒಂದು ಪುಟ್ಟ ಕಾಲೇಜಿನ ಕೈಯಲ್ಲೂ ಸೋತಿತ್ತು. ಲೆಕ್ಕ ಹಾಕಿದವರ ಪಟ್ಟಿಯಲ್ಲಿ ಮಾತ್ರ ಹಾರ್ಲನ್ ಗೆದ್ದಿದೆ ಎಂದಿದೆ. ನಾವು ಸೋಲಿಸಿದ ಎದುರಾಳಿ ಉಳಿದ ಪಂದ್ಯಗಳಲ್ಲಿ ಗೆದ್ದಷ್ಟೂ ನಮ್ಮ ಗೆಲುವಿಗೆ ತೂಕ ಹೆಚ್ಚು. ಮೂರು ಸಲ ಲೆಕ್ಕ ಹಾಕಿದೆ. ತಿದ್ದಿದರೆ ನಾವು ಮೂರನೆಯವರು.

ಟಿ.ವಿ. ನೋಡಲು ಬಂದಿದ್ದ, ಊರಿಗಿರುವ ಒಂದೇ ಕ್ಷೌರದಂಗಡಿಯ ವರ್ನ್‌ಗೆ ಹೇಳಿದೆ.

“ಬಾಯಿ ಮುಚ್ಕೊಂಡಿರೋ ಡ್ವೈಟ್! ಎಪ್ಪತ್ತೊಂದರಲ್ಲಿ ನಮ್ಮನ್ನ ತುಳಿದಾಗ ಯಾವನಾದ್ರೂ ಒಂದು ಕಾಗದ ಬರೆದ್ನಾ?”

ಬರೆಯಲಿಲ್ಲ. ಒಂದೂ ಪಂದ್ಯ ಸೋಲದ ನಮ್ಮನ್ನು ಅಂದು ಸ್ಥಾನ ನಿರ್ಧರಿಸುತ್ತಿದ್ದ ಪತ್ರಕರ್ತರ ಮತ ಮೂರನೇ ಸ್ಥಾನಕ್ಕೆ ತಳ್ಳಿತ್ತು. ಒಬ್ಬನೂ ಬರೆಯಲಿಲ್ಲವಲ್ಲ ಎಂದು ಮೂವತ್ತೆಂಟು ವರ್ಷ ಗೊಣಗಿದವನು ನಾನೇ.

ಸೂತ್ರ ಮಾಡಿದ ಪ್ರಾಧ್ಯಾಪಕರಿಗೆ ಕಾಗದ ಬರೆದು, ಹಾರ್ಲನ್ ಸೋತ ಪಂದ್ಯದ ಪತ್ರಿಕಾ ವರದಿಯನ್ನು ಕತ್ತರಿಸಿ ಜೊತೆಗಿಟ್ಟಿದ್ದೇನೆ. ಬೆಳಗ್ಗೆ ಅಂಚೆಗೆ ಹಾಕುವುದೇ ಸರಿ. ಇನ್ನು ಕೂದಲು ಕತ್ತರಿಸಿಕೊಳ್ಳಲು ಪಕ್ಕದೂರಿಗೇ ಹೋಗಬೇಕಾದೀತು. ನಲವತ್ತು ಮೈಲಿ, ಅದೂ ಹಿಮ ಬಿದ್ದ ರಸ್ತೆಯಲ್ಲಿ…